ದೊಡ್ಡಮ್ಮನ ಹಳದಿ ಬಟನ್ನು

ಬೆಂಗಳೂರಿನ ಯಲಹಂಕದ ಹತ್ತಿರ ಇರುವ ನಮ್ಮ ಸಿಂಗಾಪುರವೆಂಬ ಹಳ್ಳಿಯ ಹಳೆಯ ಮನೆಗಳಲ್ಲಿ ಮದುಮಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸಿ ಕಳಿಸುವಾಗ ಹೆಂಗಸರು ಒಂದು ಪದ ಹೇಳುತ್ತಾರೆ. ಆ ಪದ ಮುಗಿಯುವವರೆಗೆ ಹೆಣ್ಣು ಹೊಸಿಲು ದಾಟುವ ಹಾಗಿಲ್ಲ. ಕಾರು ಸ್ಟಾರ್ಟ್ ಆಗಿ ನಿಂತಿರಲಿ, ಗಂಡಿನ ಸೋದರಮಾವ ವಾಚು ನೋಡುತ್ತಿರಲಿ, ಯಾರೂ ಅವಸರ ಮಾಡುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಹೆತ್ತ ತಾಯಿ ಆ ಪದ ಹೇಳಬಾರದು. ಅಳು ಒತ್ತರಿಸಿ ಸಾಲು ನಡುವೆ ಮುರಿದರೆ ಹೆಣ್ಣಿನ ಬಾಳಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ಹಾಗಾಗಿ ಬೇರೆ ಯಾರಾದರೂ ಮುಂದೆ ನಿಂತು ಒಂದೊಂದೇ ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ನನಗೆ ಬುದ್ಧಿ ತಿಳಿದಾಗಿನಿಂದ ಹಾಗೆ ಮುಂದೆ ನಿಲ್ಲುತ್ತಿದ್ದವಳು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಒಂದೇ ಕಾಂಪೌಂಡಿನಲ್ಲಿ ನಮ್ಮದೊಂದು ಮನೆ, ಅವರದೊಂದು ಮನೆ, ನಡುವೆ ಒಂದೇ ಬಟ್ಟೆ ಒಗೆಯುವ ಕಲ್ಲು. ರಾಗಿ ಹೊಲವೆಲ್ಲ ಲೇಔಟ್ ಆಗಿ, ಹೊಲದ ಬದುಗಳ ಮೇಲೆ ಮೂರನೇ ಮುಖ್ಯರಸ್ತೆ, ನಾಲ್ಕನೇ ಅಡ್ಡರಸ್ತೆ ಎಂದು ಬೋರ್ಡು ಬಿದ್ದಿತ್ತು. ಮದುವೆಗಳು ಚಪ್ಪರ ಬಿಟ್ಟು ಛತ್ರಕ್ಕೆ ಹೋಗಿದ್ದವು. ಆದರೂ ಅರಿಶಿನ ಹಚ್ಚುವ ಹೊತ್ತಿಗೆ ಯಾರಾದರೊಬ್ಬರು ದೊಡ್ಡಮ್ಮನನ್ನು ಹುಡುಕಿಕೊಂಡು ಬರುತ್ತಿದ್ದರು. ಪುಟ್ಟೇನಹಳ್ಳಿಯಿಂದ, ಹುಣಸಮಾರನಹಳ್ಳಿಯಿಂದ ಕೂಡ ಕರೆಯುತ್ತಿದ್ದರು. ಕಂಠವೇನೂ ಬೆಣ್ಣೆಯಂಥದಲ್ಲ, ಸ್ವಲ್ಪ ಒರಟೇ. ಆದರೆ ಅವಳು ಪದ ಹೇಳುವಾಗ ಅರಿಶಿನ ಹಚ್ಚುವವಳ ಕೈಯನ್ನೇ ನೋಡುತ್ತಿದ್ದಳು. ಕೈ ನಿಧಾನವಾದರೆ ತಾನೂ ತಡೆಯುತ್ತಿದ್ದಳು. ತಿರುಗಿ ಹೇಳುವ ಮುದುಕಿಯರ ಉಸಿರು ತೀರಿದ್ದು ಕಂಡರೆ ಅವರು ಸುಧಾರಿಸಿಕೊಳ್ಳುವವರೆಗೆ ಮುಂದಿನ ಸಾಲು ಎತ್ತುತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಆರ್.ಟಿ. ನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯ ಪುಟ್ಟ ಕಂಪನಿಯಲ್ಲಿ. ಮಕ್ಕಳಿಗೆ ಫೋನಿನಲ್ಲಿ ಆಡುವ ಆಟ ಮಾಡುತ್ತಿದ್ದೆವು. ಆಟದೊಳಗಿನ ಸದ್ದುಗಳೆಲ್ಲ ನನ್ನ ಪಾಲಿಗೆ: ನಾಣ್ಯ ಬಿದ್ದ ಸದ್ದು, ಕೋತಿ ಜಾರಿದ ಸದ್ದು, ಗೆದ್ದಾಗಿನ ಚಪ್ಪಾಳೆ. ಒಮ್ಮೆ ಸುಗ್ಗಿಯ ಆಟವೊಂದನ್ನು ಮಾಡಹೊರಟರು. ಹಿನ್ನೆಲೆಗೆ ಹಳ್ಳಿಯ ಹಾಡು ಬೇಕು ಎಂದಾಗ ನಾನು ಮೈಕು ಹಿಡಿದು ದೊಡ್ಡಮ್ಮನ ಮುಂದೆ ಕೂತೆ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಕುಕ್ಕರ್ ಇಳಿಸಿ ಕೂತರೂ ಯಲಹಂಕದ ಕಡೆಯಿಂದ ತರಬೇತಿ ವಿಮಾನಗಳು ಹಾರಿಹೋಗುತ್ತಲೇ ಇದ್ದವು. ದೊಡ್ಡಮ್ಮ ಒಂದು ಸಾಲು ಹೇಳಿ ಸುಮ್ಮನಾಗುತ್ತಿದ್ದಳು.

"ಯಾಕೆ ನಿಲ್ಲಿಸ್ದೆ?" ಎಂದೆ.

"ಯಾರೂ ತಿರುಗಿ ಏಳ್ತಿಲ್ವಲ್ಲ ಮಗಾ. ನಾನೊಬ್ಳೇ ಎಂಗೆ ಮುಂದಕ್ಕೆ ಓಗ್ಲಿ?"

"ಜನ ಇದಾರೆ ಅಂದ್ಕೊಂಡು ಹೇಳು ದೊಡ್ಡಮ್ಮ."

ಹಾಗೇ ಅಂದುಕೊಂಡು, ನಡುನಡುವೆ ಬಿಡುವು ಕೊಟ್ಟು, ಇಡೀ ಮಧ್ಯಾಹ್ನ ತನಗೆ ಬರುವ ಮದುವೆಯ ಪದಗಳನ್ನೆಲ್ಲ ಹೇಳಿದಳು. ಕೊನೆಗೆ ಒಪ್ಪಿಸುವ ಪದವನ್ನೂ ತಾನಾಗಿಯೇ ಎತ್ತಿಕೊಂಡಳು. "ಇದ್ನ ಈಗ್ಲೇ ಏಳ್ಬಿಡ್ತೀನಿ. ನಮ್ಮವ್ಳ ಮದ್ವೇಲಿ ನಂಗ್ಯಾರು ಬಿಡ್ತಾರೆ?" ಎಂದು ನಕ್ಕಳು. ನಮ್ಮವಳು ಅಂದರೆ ಅವಳ ಒಬ್ಬಳೇ ಮಗಳು, ನನ್ನ ತಂಗಿ. ಆಗ ಅವಳಿನ್ನೂ ಯಶವಂತಪುರದ ಕಡೆ ಕಾಲೇಜಿಗೆ ಹೋಗುತ್ತಿದ್ದಳು. ಸುಗ್ಗಿಯ ಆಟ ಅರ್ಧಕ್ಕೇ ನಿಂತಿತು. ಆ ಪದಗಳು ನನ್ನ ಹಾರ್ಡ್ ಡಿಸ್ಕಿನಲ್ಲಿ ಉಳಿದವು, ನಾನೂ ಮರೆತೆ.

ಒಂದೆರಡು ವರ್ಷ ಕಳೆದ ಮೇಲೆ ದೊಡ್ಡಮ್ಮನ ಗಂಟಲು ಕಟ್ಟಿತು. ಶುಂಠಿ ಕಷಾಯ ಆಯಿತು, ಮೆಣಸು ಜೇನು ಆಯಿತು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದನ್ನು ಬಿಡು ಎಂದು ಎಲ್ಲರೂ ಬೈದದ್ದೂ ಆಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ತೊಂದರೆ ಇಲ್ಲ ಎಂದರು. ತೆಗೆದರು. ಕುತ್ತಿಗೆಯಲ್ಲೊಂದು ರಂಧ್ರ ಉಳಿಯಿತು. ಉಸಿರೆಲ್ಲ ಅದರಿಂದಲೇ. ದೊಡ್ಡಮ್ಮ ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಂಡು ಸೆರಗನ್ನು ಆ ಕಡೆಗೆ ಎಳೆದು ಹೊದೆಯತೊಡಗಿದಳು.

ನೋಡಲು ಬಂದ ನೆಂಟರೊಬ್ಬರು ಹಾರ್ಲಿಕ್ಸ್ ಬಾಟಲಿ ಇಟ್ಟು, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಯೋಚ್ನೆ ಮಾಡ್ಬೇಡಿ" ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನನ್ನು ಕಾಫಿ ಮಾಡಲು ಒಳಗೆ ಅಟ್ಟಿದಳು. ಕಾಫಿಗೆ ಸಕ್ಕರೆ ಹಾಕಲಿಲ್ಲ. ಅಷ್ಟೇ ನನ್ನ ಕೈಲಾದದ್ದು.

ದೊಡ್ಡಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಸ್ಲೇಟು ಬಳಪ ತಂದುಕೊಟ್ಟೆವು. ಬಾಯಲ್ಲಿ ಹೇಗೆ ಆಡುತ್ತಿದ್ದಳೋ ಹಾಗೇ ಬರೆಯುತ್ತಿದ್ದಳು, ಬೇಗ ಬರೆದು ಬೇಗ ಒರೆಸುತ್ತಿದ್ದಳು. ಬೇಕುಬೇಡಗಳಿಗೆ ಅದು ಸಾಕಾಗುತ್ತಿತ್ತು. ಆದರೆ ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಕರೆಯಲು ಬಂದವರ ಮುಂದೆ ಕುಂಕುಮದ ಬಟ್ಟಲು ಹಿಡಿದು, ತಲೆ ಆಡಿಸಿ ಕಳಿಸಿಬಿಡುತ್ತಿದ್ದಳು.

ಅಷ್ಟರಲ್ಲಿ ತಂಗಿಗೆ ಗಂಡು ಗೊತ್ತಾಯಿತು. ಯಾರು ಪದ ಹೇಳುವುದು ಎಂಬ ಮಾತು ಬಂದಾಗ ದೊಡ್ಡಮ್ಮ ಸ್ಲೇಟಿನಲ್ಲಿ ಬರೆದು ತೋರಿಸಿದಳು: "ನಾನು ಉಗ್ರಾಣದಲ್ಲಿ ಇರ್ತೀನಿ. ಯಾರಾದ್ರೂ ಏಳ್ಲಿ." ತನ್ನ ಒಬ್ಬಳೇ ಮಗಳ ಮದುವೆಯಲ್ಲಿ ಅಕ್ಕಿ ಬೇಳೆ ತೆಂಗಿನಕಾಯಿ ಕಾಯುತ್ತಾ ಒಳಗೆ ಕೂರುವವಳಂತೆ. ತಂಗಿ ಸ್ಲೇಟು ಕಿತ್ತುಕೊಂಡು, "ಹಂಗಾದ್ರೆ ನಂಗೆ ಪದಾನೂ ಬೇಡ, ಮದ್ವೆನೂ ಬೇಡ" ಎಂದಳು. ಮದುವೆ ಬೇಡ ಎಂದದ್ದು ಸಿಟ್ಟಿನ ಮಾತು. ಪದ ಬೇಡ ಎಂದದ್ದು ನಿಜವೇ ಇತ್ತು. ತಾಯಿ ಒಳಗೆ ಕೂತು, ಹೊರಗೆ ಬೇರೆ ಯಾರೋ ಅವಳ ಪದ ಹೇಳುವುದನ್ನು ಈ ಮಗಳು ಸಹಿಸುವವಳಲ್ಲ.

ಆಗ ನನಗೆ ಹಾರ್ಡ್ ಡಿಸ್ಕಿನ ನೆನಪಾಯಿತು. ಒಂದು ಭಾನುವಾರ ಅಕ್ಕಪಕ್ಕದ ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂರಿಸಿ, ಫೋನಿಗೆ ಸ್ಪೀಕರ್ ಸೇರಿಸಿ ಅರಿಶಿನದ ಪದ ಹಾಕಿದೆ. ದೊಡ್ಡಮ್ಮನ ದನಿ ಬಂದದ್ದೇ ಎಲ್ಲರೂ ಸೆರಗು ಕಣ್ಣಿಗೊತ್ತಿಕೊಂಡರು. ಆದರೆ ಎರಡನೇ ಸಾಲಿಗೇ ಎಲ್ಲ ಕಲಸುಮೇಲೋಗರ. ಅಂದು ನನ್ನೊಬ್ಬಳ ಮುಂದೆ ಕೂತು ಹೇಳುವಾಗ ಅವಳು ಬಿಟ್ಟ ಬಿಡುವು ಚಿಕ್ಕದು. ಇವರು ತಿರುಗಿ ಹೇಳಿ ಮುಗಿಸುವ ಮೊದಲೇ ಫೋನು ಮುಂದಿನ ಸಾಲಿಗೆ ನುಗ್ಗುತ್ತಿತ್ತು. ನಮ್ಮ ಸೋದರತ್ತೆ, ಅಂದರೆ ದೊಡ್ಡಪ್ಪನ ತಂಗಿ, ಬಾಯಿ ತೆರೆದುಕೊಂಡೇ ಉಳಿದರು. ದೊಡ್ಡಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನ ದನಿಯೇ ತನ್ನ ಮಾತು ಕೇಳದೆ ಓಡುತ್ತಿದ್ದರೆ ಯಾರಿಗೆ ತಾನೇ ಸಹಿಸಲಾದೀತು?

ಪದ ಕಾಯಬೇಕು. ಕಾಯುವುದನ್ನು ದೊಡ್ಡಮ್ಮನ ಕೈಗೇ ಕೊಡಬೇಕು. ನನಗೆ ಗೊತ್ತಿದ್ದ ದಾರಿ ಒಂದೇ, ಆಟ ಮಾಡುವ ಗೇಮ್ ಇಂಜಿನ್. ಚಿತ್ರ, ಸದ್ದು, ಬಟನ್ನುಗಳನ್ನೆಲ್ಲ ಒಂದು ಕಡೆ ಹಾಕಿ, ಏನಾದರೆ ಏನಾಗಬೇಕು ಎಂದು ಹೇಳಿಕೊಟ್ಟರೆ ಆಟವನ್ನು ಕಟ್ಟಿಕೊಡುವ ಸಾಫ್ಟ್‌ವೇರ್ ಅದು. ಊಟದ ಬಿಡುವಿನಲ್ಲಿ ನಾನು ಪದಗಳನ್ನು ಸಾಲು ಸಾಲಾಗಿ ಕತ್ತರಿಸುತ್ತಾ ಕೂತಿದ್ದನ್ನು ಪಕ್ಕದ ಮೇಜಿನವನು ನೋಡಿದ.

"ಏನ್ ಗುರು, ಒಂದು ಹಾಡು ಹಾಕೋಕೆ ಗೇಮ್ ಇಂಜಿನ್ನಾ? ಪ್ಲೇಯರ್ ಸಾಲಲ್ವಾ?"

"ಪ್ಲೇಯರ್ ತಾನಾಗೇ ಮುಂದಕ್ಕೆ ಹೋಗುತ್ತೆ ಕಣೋ. ನಂಗೆ ಹೋಗದೇ ಇರೋದು ಬೇಕು."

ಅವನು ತಲೆ ಕೆರೆದುಕೊಂಡು ಹೋದ. ನಾನು ಮಾಡಿದ್ದು ಇಷ್ಟೇ. ಮೊದಲ ಪರದೆಯಲ್ಲಿ ನಾಲ್ಕು ಚಿತ್ರ: ಅರಿಶಿನದ ಬಟ್ಟಲು, ಬಳೆ, ಧಾರೆಯ ಕಳಶ, ಹೊಸಿಲು. ಚಿತ್ರ ಮುಟ್ಟಿದರೆ ಆ ಪದ ತೆರೆಯುತ್ತದೆ. ಒಳಗೆ ಅಂಗೈಯಗಲದ ಹಳದಿ ಬಟನ್ನು. ಒಂದು ಸಲ ಒತ್ತಿದರೆ ಒಂದು ಸಾಲು ಬರುತ್ತದೆ, ಸುಮ್ಮನಾಗುತ್ತದೆ. ಮತ್ತೆ ಒತ್ತುವವರೆಗೆ ಮುಂದಿನ ಸಾಲು ಬರುವುದಿಲ್ಲ. ಅದರ ಕೆಳಗೆ, ನಮ್ಮ ಕಸುಬಿನಲ್ಲಿ ಎಲ್ಲರೂ ಇಡುವ ಹಾಗೆ, ನಿಲ್ಲಿಸಲು ಒಂದು ಕೆಂಪು ಬಟನ್ನು. ಹಳೆಯ ಫೋನೊಂದರ ಸಿಮ್ ತೆಗೆದು, ನಡುವೆ ಯಾರ ಕರೆಯೂ ಬರದ ಹಾಗೆ ಮಾಡಿ, ಅದರೊಳಗೆ ಇದನ್ನು ಹಾಕಿ ಮನೆಗೆ ತಂದೆ.

ದೊಡ್ಡಮ್ಮ ಅಂಗಳಕ್ಕೆ ಬಂದು ಅತ್ತೆಯ ಪಕ್ಕ ಕೂತದ್ದೇ ತಂಗಿಯ ಬಲವಂತಕ್ಕೆ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹಳದಿ ಬಟನ್ನಿನ ಮೇಲೆ ಹೆಬ್ಬೆರಳು ಊರಿದಳು. ಸದ್ದಿಲ್ಲ. ಇನ್ನೂ ಗಟ್ಟಿಯಾಗಿ ಊರಿದಳು. ಊಹೂಂ. ಫೋನು ಹಳೇದು, ಟಚ್ ಸರಿಯಾಗಿ ಹಿಡೀತಿಲ್ಲ ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು ಅತ್ತೆ.

ದೊಡ್ಡಮ್ಮ ಬೇಸತ್ತು ಬೆರಳು ಎತ್ತಿದಳು. ಎತ್ತಿದ್ದೇ ತಡ, ಅವಳ ದನಿ ಅಂಗಳ ತುಂಬ ಬಂತು.

ಆಗ ತಿಳಿಯಿತು. ಗೇಮ್ ಇಂಜಿನ್ನಿನ ಬಟನ್ನು ಬೆರಳು ಇಟ್ಟಾಗ ಕೆಲಸ ಮಾಡುವುದಿಲ್ಲ, ಎತ್ತಿದಾಗ ಮಾಡುತ್ತದೆ. ತಪ್ಪಿ ಮುಟ್ಟಿದವರು ಬೆರಳನ್ನು ಪಕ್ಕಕ್ಕೆ ಜಾರಿಸಿ ಬಚಾವಾಗಲಿ ಎಂದು ಮಾಡಿದ ಏರ್ಪಾಡು. ನಾವೆಲ್ಲ ಮುಟ್ಟಿ ಥಟ್ಟನೆ ಬಿಡುವವರು, ಹಾಗಾಗಿ ಈ ಅಂತರ ಗೊತ್ತೇ ಆಗುವುದಿಲ್ಲ. ದೊಡ್ಡಮ್ಮನ ಪ್ರಕಾರ ಒಂದು ಸಾಲನ್ನು ಹಿಡಿದರೆ ಮುಗಿಯುವವರೆಗೆ ಹಿಡಿದೇ ಇರಬೇಕು. ಅದಕ್ಕೇ ಒತ್ತಿ ಹಿಡಿದಿದ್ದಳು.

"ಮುಟ್ಟಿದ ತಕ್ಷಣ ಬರೋ ಹಾಗೆ ಮಾಡ್ಕೊಡ್ತೀನಿ ಇರು" ಎಂದು ಕೈ ಚಾಚಿದೆ. ಅವಳು ಫೋನು ಕೊಡಲಿಲ್ಲ. ಮತ್ತೆ ಬೆರಳಿಟ್ಟಳು, ಸ್ವಲ್ಪ ಹೊತ್ತು ಹಾಗೇ ಹಿಡಿದಳು, ಎತ್ತಿದಳು. ದನಿ ಬಂತು. ಸ್ಲೇಟು ಕೇಳಿ ಬರೆದಳು: "ಬ್ಯಾಡ. ಇಂಗೇ ಇರ್ಲಿ. ಒತ್ತಿದಾಗ ಉಸ್ರು ತಗೊಳ್ಳೋದು. ಎತ್ತಿದಾಗ ಪದ."

ಅವಳು ಹೇಳಿದ ಮೇಲೆ ನೋಡಿದೆ. ಬೆರಳು ಊರಿದಾಗ ಅವಳ ಎದೆ ಏರುತ್ತಿತ್ತು, ಎತ್ತಿದಾಗ ತುಟಿ ಅಲುಗುತ್ತಿತ್ತು. ಹೀಗೆ ಹಿಂದೆ ಎಷ್ಟು ಸಲ ನೋಡಿದ್ದೆನೋ.

ತಿದ್ದಬೇಕಾದದ್ದು ಬೇರೆ ಇತ್ತು. ಅವಸರದಲ್ಲಿ ಎರಡು ಸಲ ಒತ್ತಿದರೆ ಸಾಲು ಅರ್ಧಕ್ಕೇ ಕಡಿದು ಮುಂದಿನ ಸಾಲು ಶುರುವಾಗುತ್ತಿತ್ತು. ಅದು ಕೇಳಿದ ಅತ್ತೆ ಕಿವಿ ಮುಚ್ಚಿಕೊಂಡರು. ಸಾಲು ಮುಗಿಯುವವರೆಗೆ ಬಟನ್ನು ಬೂದು ಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಕೇಳಿಸಿಕೊಳ್ಳದ ಹಾಗೆ ಮಾಡಿದೆ. ಕೆಂಪು ಬಟನ್ನನ್ನು ತೋರಿಸಿ ದೊಡ್ಡಮ್ಮ ಹುಬ್ಬು ಹಾರಿಸಿದಳು. "ನಡುವೆ ನಿಲ್ಲಿಸೋಕೆ" ಎಂದೆ. ಸೋಬಾನೆಯನ್ನು ನಡುವೆ ನಿಲ್ಲಿಸುವುದುಂಟೇ ಎಂಬ ಹಾಗೆ ಅವಳೂ ಅತ್ತೆಯೂ ಮುಖ ಮುಖ ನೋಡಿಕೊಂಡರು. ಅದನ್ನೂ ತೆಗೆದೆ. ನಿಲ್ಲಿಸುವ ಬಟನ್ನೇ ಇಲ್ಲದ ಪ್ಲೇಯರ್ ಮಾಡಿದವಳು ನಾನೊಬ್ಬಳೇ ಇರಬೇಕು.

ಆಮೇಲೆ ಪ್ರತಿ ಭಾನುವಾರ ಅಂಗಳದಲ್ಲಿ ಅಭ್ಯಾಸ. ದೊಡ್ಡಮ್ಮ ನಡುವೆ ಕೂತು, ಒಬ್ಬೊಬ್ಬರ ಬಾಯಿ ನೋಡಿಕೊಂಡು ಬೆರಳು ಎತ್ತುತ್ತಿದ್ದಳು. ಅತ್ತೆ ಮೊದಲಿಗರಾಗಿ ತಿರುಗಿ ಹೇಳುತ್ತಿದ್ದರು. ಯಾರಾದರೂ ಮಾತಾಡುತ್ತಾ ಕೂತರೆ ದೊಡ್ಡಮ್ಮ ಬೆರಳಿಟ್ಟು ಹಿಡಿದು ಅವರನ್ನೇ ದುರುಗುಟ್ಟಿ ನೋಡುತ್ತಿದ್ದಳು, ಅವರು ತೆಪ್ಪಗಾಗುತ್ತಿದ್ದರು. ಉಗ್ರಾಣದ ಮಾತು ಮತ್ತೆ ಏಳಲಿಲ್ಲ.

ಎದ್ದದ್ದು ಹೊಸಿಲಿನ ಮಾತು. ಮೂರು ಪದಗಳ ಅಭ್ಯಾಸ ಮುಗಿದು ದೊಡ್ಡಮ್ಮ ನಾಲ್ಕನೇ ಚಿತ್ರ ಮುಟ್ಟಲು ಹೋದಾಗ ಅತ್ತೆ ತಡೆದರು.

"ಅದೊಂದು ಬ್ಯಾಡ ಅತ್ಗೆ. ಎತ್ತ ತಾಯಿ ಒಪ್ಸೋ ಪದ ಏಳ್ಬಾರ್ದು. ಆ ಒತ್ಗೆ ಫೋನು ನನ್ ಕೈಗೆ ಕೊಡು."

ದೊಡ್ಡಮ್ಮ ಬರೆದಳು: "ನಾನು ಏಳಲ್ಲ. ಫೋನು ಏಳ್ತದೆ."

"ದನಿ ನಿಂದೇ ಅಲ್ವಾ? ನಡುವೆ ಮುರಿದ್ರೆ ಏನ್ ಗತಿ?"

ದೊಡ್ಡಮ್ಮ ಸ್ಲೇಟು ಒರೆಸಿದಳು. ಈ ಸಲ ನಿಧಾನವಾಗಿ, ದೊಡ್ಡಕ್ಷರದಲ್ಲಿ ಬರೆದು ಅತ್ತೆಯ ಮುಂದೆ ಹಿಡಿದಳು: "ಫೋನಿಗೆ ಅಳು ಬರಲ್ಲ."

ಅತ್ತೆ ಅದನ್ನು ಎರಡು ಸಲ ಓದಿದರು. ನಮ್ಮ ಮನೆತನದಲ್ಲಿ ಯಾವ ತಾಯಿಯೂ ತನ್ನ ಮಗಳಿಗೆ ಆ ಪದ ಹೇಳಿರಲಿಲ್ಲ. ಗಂಟಲು ಇದ್ದಿದ್ದರೆ ದೊಡ್ಡಮ್ಮನೂ ಹೇಳುತ್ತಿರಲಿಲ್ಲ. ಇದ್ದಾಗ ಸಿಗದದ್ದನ್ನು ಕಳೆದುಕೊಂಡ ಮೇಲೆ ಕೇಳುತ್ತಿದ್ದಾಳೆ ಅನ್ನಿಸಿ ನನಗೆ ಸಂಕಟವಾಯಿತು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿ, "ಸಾಲು ಮುರಿದ್ರೆ ನಿನ್ ತಲೆ ಮ್ಯಾಲೆ" ಎಂದು ಎದ್ದುಹೋದರು. ಅದು ಒಪ್ಪಿಗೆಯೋ ಶಾಪವೋ ತಿಳಿಯದೆ, ಮದುವೆಯ ದಿನದವರೆಗೆ ಆ ಫೋನನ್ನು ಚಾರ್ಜಿಗೆ ಹಾಕಿದ್ದೇ ಹಾಕಿದ್ದು.

ಮದುವೆ ಯಲಹಂಕದ ಒಂದು ಛತ್ರದಲ್ಲಿ. ಅರಿಶಿನದ ಹೊತ್ತಿಗೆ ದೊಡ್ಡಮ್ಮ ರೇಷ್ಮೆ ಸೀರೆಯ ಸೆರಗನ್ನು ಕುತ್ತಿಗೆ ಸುತ್ತಿ ಹೊದ್ದು ಮುಂದೆ ಬಂದು ಕೂತಳು. ನಾನು ಸ್ಪೀಕರ್ ಹಿಡಿದು ಹಿಂದೆ ನಿಂತೆ. ಮೊದಲ ಸಾಲಿಗೆ ಛತ್ರದಲ್ಲಿದ್ದ ಹಳಬರೆಲ್ಲ ಮಾತು ನಿಲ್ಲಿಸಿದರು. ಮೂರನೇ ಸಾಲಿನ ಹಿಂದೆ ವಿಮಾನವೊಂದು ಹಾದುಹೋಯಿತು. ಕೆಲವರು ತಲೆ ಎತ್ತಿ ನೋಡಿದರು. ಅದು ಪದ ರೆಕಾರ್ಡ್ ಮಾಡಿದ ಆ ಮಧ್ಯಾಹ್ನ ಮುಚ್ಚಿದ ಕಿಟಕಿಯಾಚೆ ಹಾರಿದ್ದ ವಿಮಾನ ಎಂದು ಗೊತ್ತಿದ್ದದ್ದು ನನಗೂ ದೊಡ್ಡಮ್ಮನಿಗೂ ಮಾತ್ರ. ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಬಳೆಯ ಪದವೂ ಧಾರೆಯ ಪದವೂ ಒಂದು ಉಸಿರೂ ತಪ್ಪದೆ ಆದವು.

ಸಂಜೆ ಛತ್ರದ ಬಾಗಿಲಲ್ಲಿ ಹೆಣ್ಣೊಪ್ಪಿಸಲು ನಿಂತೆವು. ಹೊಸಿಲಿನ ಈಚೆಗೆ ತಂಗಿ, ಆಚೆಗೆ ಗಂಡಿನ ಕಡೆಯವರು, ರಸ್ತೆಯಲ್ಲಿ ಹೂವಿನ ಕಾರು. ದೊಡ್ಡಮ್ಮ ಹೊಸಿಲಿನ ಚಿತ್ರ ಮುಟ್ಟಿದಳು. ಒಂದೊಂದೇ ಸಾಲು ಬಂತು, ಅತ್ತೆ ಮೊದಲಾಗಿ ಎಲ್ಲರೂ ತಿರುಗಿ ಹೇಳಿದರು. ದೊಡ್ಡಮ್ಮ ಅಳುತ್ತಿದ್ದಳು. ಅವಳ ಅಳುವಿಗೆ ಸದ್ದಿರಲಿಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಜೋರಾಗಿ ಏರಿ ಇಳಿಯುತ್ತಿತ್ತು. ಸ್ಪೀಕರಿನ ದನಿ ಸ್ವಲ್ಪವೂ ಅಲುಗದೆ, ಅಂದಿನ ಹಾಗೇ ಗಟ್ಟಿಯಾಗಿ ಬರುತ್ತಿತ್ತು.

ಉಳಿದದ್ದು ಕೊನೆಯ ಸಾಲು. ದೊಡ್ಡಮ್ಮ ಹಳದಿ ಬಟನ್ನಿನ ಮೇಲೆ ಬೆರಳಿಟ್ಟಳು.

ದನಿ ಬರಲಿಲ್ಲ. ಅತ್ತೆ ಬಾಯಿ ತೆರೆದು ಕಾದರು. ಹೆಂಗಸರು ಕಾದರು. ಆಚೆ ಯಾರೋ ಕೆಮ್ಮಿದರು, ಡ್ರೈವರ್ ಒಮ್ಮೆ ಹಾರನ್ ಒತ್ತಿ ಸುಮ್ಮನಾದ. ಗಂಡಿನ ಕಡೆಯ ಹಿರಿಯರೊಬ್ಬರು, "ಯಾಕ್ರೀ, ಫೋನ್ ಕೆಟ್ಟೋಯ್ತಾ? ರಾಹುಕಾಲ ಬಂದ್ಬಿಡುತ್ತೆ" ಎಂದರು. ಬಗ್ಗಿ ನೋಡಿದೆ. ಕೆಟ್ಟಿರಲಿಲ್ಲ. ಒತ್ತಿ ಹಿಡಿದಾಗ ಬಟನ್ನಿಗೆ ಬರುವ ಗಾಢ ಬಣ್ಣ ಹಾಗೇ ಇತ್ತು. ಅವಳು ಬೆರಳು ಎತ್ತಿರಲಿಲ್ಲ, ಅಷ್ಟೇ. ಸಾಲು ಬಾರದೆ ಪದ ಮುಗಿಯುವುದಿಲ್ಲ, ಪದ ಮುಗಿಯದೆ ಹೆಣ್ಣು ಹೊಸಿಲು ದಾಟುವ ಹಾಗಿಲ್ಲ.

ಮಾತಾಡಿದವರು ಅತ್ತೆ. ಗಂಡಿನ ಕಡೆಗೆ ತಿರುಗಿ, ಮೆಲ್ಲಗೆ ಅಂದರು, "ಒಸಿ ತಡೀರಿ ಸ್ವಾಮಿ. ಉಸ್ರು ತಗೋತಾವ್ಳೆ."

ಆ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ತಂಗಿ ಮದರಂಗಿಯ ಕೈಯಿಂದ ತಾಯಿಯ ಬೆರಳನ್ನು ಮುಟ್ಟಲಿಲ್ಲ, ಫೋನನ್ನೂ ಮುಟ್ಟಲಿಲ್ಲ. ಬಾಸಿಂಗ ಬಾಗಿಸಿ ತಾಯಿಯ ಹೆಗಲಿಗೆ ಹಣೆ ಹಚ್ಚಿ ನಿಂತಳು, ಅವಳಿಗೂ ಅವಸರ ಇಲ್ಲ ಎಂಬ ಹಾಗೆ. ನಾವೆಲ್ಲ ನಿಂತೇ ಇದ್ದೆವು. ನನ್ನ ಕಣ್ಣು ತುಂಬಿ ಸ್ಪೀಕರ್ ಕಾಣದಾಯಿತು.

ಆಮೇಲೆ ದೊಡ್ಡಮ್ಮ ಬೆರಳು ಎತ್ತಿದಳು.

"ನೀನಿಟ್ಟ ಹೆಜ್ಜೇಲಿ ರಾಗಿ ಮೊಳೆಯಲಿ ಮಗಳೆ" ಎಂದು ಅವಳ ದನಿ ಬಂತು. ಎಲ್ಲೂ ಮುರಿಯಲಿಲ್ಲ. ಮುರಿದದ್ದು ತಿರುಗಿ ಹೇಳಿದ ಹೆಂಗಸರ ದನಿ, ಅತ್ತೆಯದೇ ಮೊದಲು. ತಂಗಿ ಬಲಗಾಲು ಎತ್ತಿ ಹೊಸಿಲು ದಾಟಿ ಹೋದಳು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ದೊಡ್ಡಮ್ಮ ಫೋನಿನ ಮೇಲೆ ಹೆಬ್ಬೆರಳನ್ನು ಎತ್ತಿ ಹಿಡಿದೇ ನಿಂತಿದ್ದಳು.